ಹಾಲು ಅಂದರೂ ಆಲು ಅಂದರೂ ಬಿಳುಪು ಒಂದೇ

ಉಡುಮಲೈಪೇಟೆ ಸುತ್ತಿನ ಯಾವ ಹಳ್ಳಿಯ ಹಾಲಿನ ಸೊಸೈಟಿಗಾದರೂ ಬೆಳಗಿನ ಜಾವ ಹೋಗಿ ನೋಡಿ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತ ಗೌಂಡರು ‘ಪಾಲ್’ ಅನ್ನುತ್ತಾರೆ. ಅವರ ಹಿಂದಿನ ನಾಯ್ಡುಗಾರು ‘ಪಾಲು’ ಅನ್ನುತ್ತಾರೆ. ಅವರ ಹಿಂದೆ ನಿಂತ ಕನ್ನಡ ಮನೆಯ ಹೆಂಗಸು ‘ಆಲು’ ಅನ್ನುತ್ತಾಳೆ. ಅಳೆಯುವ ಹುಡುಗ ಮೂವರ ಹಾಲಿಗೂ ಒಂದೇ ಲ್ಯಾಕ್ಟೋಮೀಟರು ಇಳಿಬಿಡುತ್ತಾನೆ. ನೀರು ಬೆರೆತಿದೆಯೋ ಇಲ್ಲವೋ ಅಷ್ಟೇ ಅವನಿಗೆ ಬೇಕು. ಜಿಡ್ಡು ಎಷ್ಟಿದೆಯೋ ಅಷ್ಟಕ್ಕೆ ದುಡ್ಡು ಬರೆಯುತ್ತಾನೆ. ಯಾರು ಹೇಗೆ ಉಚ್ಚರಿಸಿದರು ಅನ್ನುವುದಕ್ಕೆ ಅವನ ಪುಸ್ತಕದಲ್ಲಿ ಕಾಲಂ ಇಲ್ಲ.

ಇದೇ ಹೆಂಗಸು ನೆಂಟರ ಮನೆಗೆ ಅಂತ ಬಸ್ಸು ಹತ್ತಿದಳು ಅನ್ನಿ. ನಮ್ಮೂರಿನ ಮೇಲೆ ಹಾದುಹೋಗುವ ದೊಡ್ಡ ರಸ್ತೆ ಹಳೆಯ ಲೆಕ್ಕದಲ್ಲಿ 209ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ದಿಂಡಿಗಲ್ಲಿನಲ್ಲಿ ಹೊರಟು, ಪಳನಿ, ಉಡುಮಲೈಪೇಟೆ, ಪೊಳ್ಳಾಚಿ, ಕೊಯಮತ್ತೂರು, ಸತ್ಯಮಂಗಲ ದಾಟಿ, ದಿಂಬಂ ಘಾಟಿನ 27 ತಿರುವು ಹತ್ತಿ, ಚಾಮರಾಜನಗರ, ಕೊಳ್ಳೇಗಾಲ, ಕನಕಪುರದ ಮೇಲೆ ಬೆಂಗಳೂರು ಸೇರುತ್ತದೆ. ಚಾಮರಾಜನಗರದ ಹೋಟೆಲಿನಲ್ಲಿ ಇವಳು ‘ಒಂದ್ ಲೋಟ ಆಲು ಕೊಡಣ್ಣ’ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಅಲ್ಲಿಯ ರೈತರೂ ‘ಆಲು’ ಅನ್ನುವವರೇ. ಅದೇ ರಸ್ತೆಯ ಕೊನೆಗೆ, ಬೆಂಗಳೂರಿನ ಹೋಟೆಲಿನಲ್ಲಿ ಅದೇ ಮಾತು ಆಡಿದರೆ ಸಪ್ಲೈಯರ್ ಹುಡುಗ ಮುಸಿ ಮುಸಿ ನಗುತ್ತಾನೆ. ಇಲ್ಲವೇ, ‘ಎನ್ನ ವೇಣುಂ ಅಮ್ಮಾ?’ ಅಂತ ತಮಿಳಿಗೆ ತಿರುಗಿಬಿಡುತ್ತಾನೆ.

ನಗುವುದು ಒಂದು ಬಗೆ, ತಿರುಗಿಬಿಡುವುದು ಇನ್ನೊಂದು ಬಗೆ. ಮೊದಲನೆಯದನ್ನು ಹೇಗೋ ಸಹಿಸಬಹುದು. ಎರಡನೆಯದರಲ್ಲಿ, ಕನ್ನಡದಲ್ಲಿ ಕೇಳಿದವಳಿಗೆ ‘ನೀನು ನಮ್ಮವಳಲ್ಲ’ ಎಂದು ಹೇಳಿದಂತಾಗುತ್ತದೆ. ಗಡಿಯಾಚೆಯ ಕನ್ನಡ ಯಾಕೆ ಕರಗುತ್ತಿದೆ ಎಂದು ಸಭೆಗಳಲ್ಲಿ ಭಾಷಣ ಕೇಳುತ್ತೇವೆ. ತಮಿಳಿನ ಒತ್ತಡ, ಶಾಲೆ ಇಲ್ಲ, ಸರ್ಕಾರ ಗಮನ ಕೊಡುವುದಿಲ್ಲ... ಇವೆಲ್ಲ ಇರಬಹುದು. ಆದರೆ ಈ ಹೋಟೆಲಿನ ನಗುವನ್ನೂ ಆ ಪಟ್ಟಿಗೆ ಸೇರಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಈ ಸೀಮೆಗೆ ಕನ್ನಡ ಬಂದ ದಾರಿ

ಕೊಂಗುನಾಡಿನಲ್ಲಿ ಕನ್ನಡ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಈ ನಾಡು 17ನೇ ಶತಮಾನದಿಂದ ಮೈಸೂರು ಒಡೆಯರ ಕೈಗೆ ಬಂತು. ಆಮೇಲೆ ಹೈದರ್, ಟಿಪ್ಪು ಆಳಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆಯೇ ಇದು ಕಂಪನಿ ಸರ್ಕಾರಕ್ಕೆ ಸೇರಿದ್ದು. ಅದಕ್ಕೂ ಮೊದಲು ವಿಜಯನಗರ ಮತ್ತು ನಾಯಕರ ಕಾಲದಲ್ಲಿ ಮಗ್ಗ ಹೊತ್ತ ದೇವಾಂಗರು, ನೇಗಿಲು ಹೊತ್ತ ಒಕ್ಕಲಿಗರು, ಅನುಪ್ಪರು, ಕುರಿ ಹೊಡೆದುಕೊಂಡು ಕುರುಬರು ಬಂದು ನೆಲೆಸಿದರು. ತೆಲುಗಿನ ಕಮ್ಮವಾರು, ರಾಜಕಂಬಳ ನಾಯಕರು ಬಂದದ್ದೂ ಹೀಗೆಯೇ. ಕರಿಮಣ್ಣು ಎಲ್ಲಿ ಸಿಕ್ಕಿತೋ ಅಲ್ಲಿ ನಿಂತರು.

1956ರ ನವೆಂಬರ್ 1ರವರೆಗೆ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ರಾಜ್ಯ ವಿಂಗಡಣೆಯಲ್ಲಿ ಅದು ಮೈಸೂರಿಗೆ ಹೋಯಿತು, ತಾಳವಾಡಿ ಇತ್ತಲೇ ಉಳಿಯಿತು. ನಮ್ಮ ಉಡುಮಲೈ ಕೂಡ 2009ರಲ್ಲಿ ಕೊಯಮತ್ತೂರು ಬಿಟ್ಟು ಹೊಸ ತಿರುಪ್ಪೂರು ಜಿಲ್ಲೆ ಸೇರಿತು. ಜಿಲ್ಲೆಯ ಗೆರೆ ಹೀಗೆ ಅತ್ತಿತ್ತ ಸರಿದರೂ ಜನ ಕೂತಲ್ಲೇ ಕೂತಿದ್ದಾರೆ. 2011ರ ಜನಗಣತಿಯಂತೆ ತಮಿಳುನಾಡಿನಲ್ಲಿ ನೂರಕ್ಕೆ 5.87 ಮಂದಿ ತೆಲುಗು, 1.78 ಮಂದಿ ಕನ್ನಡ ಮನೆಮಾತು ಎಂದು ಬರೆಸಿದ್ದಾರೆ. ಲಕ್ಷದ ಲೆಕ್ಕದಲ್ಲಿ ಕನ್ನಡದವರು ಹನ್ನೆರಡು ಲಕ್ಷಕ್ಕೂ ಮೇಲೆ.

ನನ್ನ ಮಟ್ಟಿಗೆ ಹೇಳಬೇಕಾದರೆ ಮನೆಯೊಳಗೆ ಕನ್ನಡ, ಬೇಲಿಯಾಚೆ ತೆಲುಗು, ಶಾಲೆ-ಸಂತೆಯಲ್ಲಿ ತಮಿಳು. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ತಮಿಳಿನಲ್ಲೇ. ಕನ್ನಡ ಅಕ್ಷರ ಕಲಿತದ್ದು ರಜಾ ದಿನಗಳಲ್ಲಿ, ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿ. ಆಡುವ ಕನ್ನಡದ ಬಾಲಕ್ಕೆ ಕೊಂಗುನಾಡಿನ ‘ಂಗ’ ಅಂಟಿಕೊಂಡಿದೆ: ‘ಸರೀಂಗ’, ‘ಬತ್ತೀನಿಂಗ’. ಇತ್ತ ಅದು ಮರ್ಯಾದೆಯ ಗುರುತು. ದೊಡ್ಡವರ ಮುಂದೆ ‘ಂಗ’ ಬಿಟ್ಟು ಮಾತಾಡಿದವನನ್ನು ‘ಯಾರಪ್ಪಾ ಇವನು, ಬಾಯಿಗೆ ಬಂದಂಗೆ’ ಅನ್ನುತ್ತಾರೆ. ಅದೇ ಮರ್ಯಾದೆ ಮೈಸೂರಿನವರ ಕಿವಿಗೆ ರಾಗವಾಗಿ ಕೇಳುತ್ತದೆ. ಒಮ್ಮೆ ಒಂದು ಕವಿಗೋಷ್ಠಿಯಲ್ಲಿ ನಾನು ಪದ್ಯ ಓದಿ ಇಳಿದಾಗ, ‘ಪದ್ಯ ಚೆನ್ನಾಗಿದೆ, ಆದರೆ ಕನ್ನಡಕ್ಕೆ ತಮಿಳಿನ ವಾಸನೆ’ ಅಂದರು ಒಬ್ಬ ಹಿರಿಯರು. ಇನ್ನೊಂದು ಊರಿನ ತೆಲುಗು ಸಭೆಯಲ್ಲಿ, ‘ಮೀದಿ ಅರವ ತೆಲುಗಾ ಅಂಡಿ?’ ಎಂದು ಕೇಳಿದರು. ಅರವ ಅಂದರೆ ತಮಿಳು. ಎರಡು ಭಾಷೆಯಲ್ಲಿ ಪದ್ಯ ಬರೆಯುವವನಿಗೆ ಎರಡು ಕಡೆಯಿಂದಲೂ ಸಿಕ್ಕ ಸರ್ಟಿಫಿಕೇಟು ಒಂದೇ!

‘ಹ’ಕಾರದ ಜಾತಕ

ಈಗ ಆ ‘ಆಲಿ’ನ ಸಂಗತಿಗೆ ಬರೋಣ. ‘ಹಾಲು’ ಸರಿ, ‘ಆಲು’ ತಪ್ಪು ಅನ್ನುವವರು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು. 10ನೇ ಶತಮಾನದ ಪಂಪನ ಕನ್ನಡದಲ್ಲಿ ಹಾಲಿಗೆ ‘ಪಾಲ್’, ಹೂವಿಗೆ ‘ಪೂ’, ಹುಲಿಗೆ ‘ಪುಲಿ’. ತಮಿಳು, ತೆಲುಗಿನಲ್ಲಿ ಆ ‘ಪ’ ಇವತ್ತಿಗೂ ಹಾಗೇ ಇದೆ: ಹುಲಿ ಇಬ್ಬರಿಗೂ ಪುಲಿಯೇ. ಕನ್ನಡದಲ್ಲಿ ಮಾತ್ರ ಆ ಕಾಲದಿಂದೀಚೆಗೆ ಪದದ ಮೊದಲಿನ ‘ಪ’ ಮೆತ್ತಗಾಗುತ್ತಾ ‘ಹ’ ಆಯಿತು. ತುಟಿ ಮುಚ್ಚಿ ಆಡುತ್ತಿದ್ದ ಅಕ್ಷರ ಬರೀ ಉಸಿರಾಯಿತು. ಹಳ್ಳಿಯ ನಾಲಗೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಆ ಉಸಿರನ್ನೂ ಬಿಟ್ಟಿತು. ಪಾಲು, ಹಾಲು, ಆಲು. ಮೂರೂ ಒಂದೇ ಏಣಿಯ ಮೂರು ಮೆಟ್ಟಿಲು.

ಪಂಪ ಇವತ್ತು ಎದ್ದು ಬಂದರೆ ನಮ್ಮ ‘ಆಲು’ ಕೇಳಿ ನಗುವ ಮೊದಲು ಬೆಂಗಳೂರಿನವರ ‘ಹಾಲು’ ಕೇಳಿಯೇ, ‘ನನ್ನ ಪಾಲಿಗೆ ಏನು ಮಾಡಿದಿರಿ?’ ಅಂದಾನು. ಮೊದಲನೆಯ ಬದಲಾವಣೆಗೆ ‘ಭಾಷೆಯ ಬೆಳವಣಿಗೆ’ ಅಂತ ಹೆಸರು, ಎರಡನೆಯದಕ್ಕೆ ‘ಹಳ್ಳಿ ಗಮಾರನ ಉಚ್ಚಾರ’ ಅಂತ ಹೆಸರು. ನಡೆದದ್ದು ಎರಡು ಕಡೆಯೂ ಒಂದೇ ಕೆಲಸ.

ಇದು ನಮಗೊಬ್ಬರಿಗೆ ಬಂದ ಪಾಡೂ ಅಲ್ಲ. ಲಂಡನ್ನಿನ ಕೂಲಿ ಜನ ಕೂಡ ‘ಹೌಸ್’ ಅನ್ನುವುದಕ್ಕೆ ‘ಔಸ್’ ಅನ್ನುತ್ತಾರೆ. ಅದನ್ನೇ ಇಟ್ಟುಕೊಂಡು ಬರ್ನಾರ್ಡ್ ಷಾ 1913ರಲ್ಲಿ ‘ಪಿಗ್ಮೇಲಿಯನ್’ ನಾಟಕ ಆಡಿಸಿದ. ಹೂ ಮಾರುವ ಹುಡುಗಿಗೆ ಪ್ರೊಫೆಸರೊಬ್ಬ ಉಚ್ಚಾರ ತಿದ್ದಿ ದೊಡ್ಡ ಮನೆಯವಳಂತೆ ಮಾಡುತ್ತಾನೆ. ತಿದ್ದಿಸಿಕೊಂಡ ಮೇಲೆ ಅವಳು ಹೂ ಮಾರುವವರ ನಡುವೆಯೂ ನಿಲ್ಲಲಾರಳು, ದೊಡ್ಡವರ ನಡುವೆಯೂ ನಿಲ್ಲಲಾರಳು. ನಾಟಕದ ನಿಜವಾದ ಪೇಚು ಅದು.

ನಗುವಿಗೆ ಹೆದರಿದವರ ಗತಿ ಇನ್ನೂ ಒಂದು ಬಗೆ. ‘ಹ’ ಬಿಟ್ಟರೆ ನಗುತ್ತಾರೆ ಅಂತ ಬೇಡದ ಕಡೆಯೆಲ್ಲ ‘ಹ’ ಸೇರಿಸುತ್ತಾರೆ. ಆನೆ ‘ಹಾನೆ’ ಆಗುತ್ತದೆ, ಮೇಯುವ ಆಡು ‘ಹಾಡು’ ಆಗುತ್ತದೆ. ಅದಕ್ಕೆ ಮತ್ತೂ ಜೋರಾಗಿ ನಗುತ್ತಾರೆ. ಎಡವಿದವನನ್ನು ನೋಡಿ ನಕ್ಕರೆ ಅವನು ಇನ್ನೊಮ್ಮೆ ಎಡವುತ್ತಾನೆಯೇ ಹೊರತು ನೆಟ್ಟಗೆ ನಡೆಯುವುದಿಲ್ಲ.

ತಿರುಳುಗನ್ನಡ ಎಲ್ಲಿತ್ತು?

‘ಶುದ್ಧ ಕನ್ನಡ’ ಯಾವ ಊರಿನದು? 9ನೇ ಶತಮಾನದ ‘ಕವಿರಾಜಮಾರ್ಗ’ ಇದಕ್ಕೆ ಉತ್ತರ ಕೊಟ್ಟಿದೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರುಗಳ ನಡುವಿನದು ಕನ್ನಡದ ತಿರುಳು ಎಂದು ಅದರ ಎಣಿಕೆ. ಇವತ್ತಿನ ಲೆಕ್ಕದಲ್ಲಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಸೀಮೆ. ಎಲ್ಲವೂ ಉತ್ತರ ಕರ್ನಾಟಕ. ಸಾವಿರದ ಇನ್ನೂರು ವರ್ಷದ ಹಿಂದೆ ಯಾವ ಸೀಮೆಯ ಮಾತು ತಿರುಳಾಗಿತ್ತೋ, ಅದೇ ಸೀಮೆಯವನು ಇವತ್ತು ‘ಮನೆ’ಗೆ ‘ಮನಿ’ ಅಂದರೆ ಬೆಂಗಳೂರಿನ ಸಿನಿಮಾ ಟಾಕೀಸಿನಲ್ಲಿ ಸಿಳ್ಳೆ, ನಗು! ಆ ಜನ ಎಲ್ಲಿಗೂ ಹೋಗಲಿಲ್ಲ, ಅವರ ಮಾತೂ ಕೆಡಲಿಲ್ಲ. ಸಿಂಹಾಸನ ಜಾಗ ಬದಲಿಸಿತು, ಅಷ್ಟೆ. ರಾಷ್ಟ್ರಕೂಟರ ಅರಮನೆ ಅತ್ತ ಇದ್ದಾಗ ತಿರುಳು ಅತ್ತ ಇತ್ತು. ಮೈಸೂರು, ಬೆಂಗಳೂರಿಗೆ ಅರಮನೆ, ಕಚೇರಿ, ಅಚ್ಚಿನ ಮನೆ ಬಂದ ಮೇಲೆ ತಿರುಳು ಇತ್ತ ಬಂತು.

ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ. ಕನ್ನಡದ ದೇಸಿಗಳು ಬೇರೆ ಬೇರೆಯಾಗಿ ಎಷ್ಟಿವೆಯೆಂದರೆ, ಅದರ ತಪ್ಪು ಒಪ್ಪುಗಳನ್ನು ಅರಿಯಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರ ಬಂದೀತು ಎನ್ನುವ ಅರ್ಥದ ಮಾತು. ವಾಸುಕಿಗೇ ಆಗದ ಕೆಲಸಕ್ಕೆ ಹೋಟೆಲಿನ ಹುಡುಗ ಕೈ ಹಾಕುವುದು ಯಾಕೆ?

ಗೂಡು ಮಾರಿದರೆ ಕೂಡು

ನಮ್ಮ ಓದುಗರಲ್ಲಿ ವ್ಯಾಪಾರ ಮಾಡುವವರು ಬಹಳ. ಅವರಿಗೆ ಉಚ್ಚಾರ ಅಂದರೆ ಬರೀ ಮಾನ-ಅವಮಾನದ ವಿಷಯ ಅಲ್ಲ, ರೇಟಿನ ವಿಷಯ. ಹೇಗೆ ಅಂತ ನೋಡಿ. ತೆಂಗಿನಕಾಯಿ ಲಾರಿಯೋ ರೇಷ್ಮೆಗೂಡಿನ ವ್ಯಾನೋ ದೂರದ ಊರಿನ ಮಂಡಿಗೆ ಹೋಗುತ್ತದೆ. ರೈತ ಬಾಯಿ ಬಿಟ್ಟ ಕೂಡಲೇ ಎದುರಿನವನಿಗೆ ಅವನು ಎಷ್ಟು ದೂರದಿಂದ ಬಂದವನು ಎಂದು ತಿಳಿಯುತ್ತದೆ. ದೂರ ತಿಳಿದರೆ ಬಾಡಿಗೆ ತಿಳಿಯಿತು. ಬಾಡಿಗೆ ತಿಳಿದರೆ, ಮಾಲು ವಾಪಸು ಒಯ್ಯಲಾರ ಎನ್ನುವುದೂ ತಿಳಿಯಿತು. ರೇಷ್ಮೆಗೂಡಂತೂ ಚಿಟ್ಟೆ ತೂತು ಮಾಡಿ ಹೊರಬರುವ ಮೊದಲು ಕೊಟ್ಟು ಮುಗಿಸಲೇಬೇಕಾದ ಮಾಲು. ಕೊಳ್ಳುವವನ ಕಿವಿಗೆ ಬಿದ್ದದ್ದು ನಮ್ಮ ಭಾಷೆಯಲ್ಲ, ನಮ್ಮ ವ್ಯಾನಿನ ಬಾಡಿಗೆ! ಹತ್ತು ರೂಪಾಯಿ ಇಳಿಸಿ ಕೇಳುವ ಧೈರ್ಯ ಅವನಿಗೆ ಅಲ್ಲಿಂದ ಬರುತ್ತದೆ. ಯಾವ ದೇಶದ ಸಂತೆಯಲ್ಲೂ ನಡೆಯುವ ಲೆಕ್ಕ ಇದು. ಇದರಲ್ಲಿ ದ್ವೇಷ ಇರಬೇಕಾಗಿಲ್ಲ, ಆದರೂ ಪೆಟ್ಟು ಬೀಳುವುದು ರೈತನ ಹೊಟ್ಟೆಗೇ.

ನಮ್ಮ ಉಡುಮಲೈ ಸೀಮೆಯಲ್ಲಿ ಹಿಪ್ಪುನೇರಳೆ ಚೆನ್ನಾಗಿ ಬರುತ್ತದೆ, ದ್ವಿತಳಿ ಗೂಡು ಬೆಳೆಯುತ್ತೇವೆ. ರಾಮನಗರದ ಗೂಡಿನ ಮಾರುಕಟ್ಟೆ ಈ ಕಡೆಯ ಬೆಳೆಗಾರರಿಗೂ ಪರಿಚಯ. ಅಲ್ಲಿ ಕೇಳಿಬರುವ ಕನ್ನಡ ಒಂದೆರಡು ಬಗೆಯದಲ್ಲ: ಉರ್ದು ಮನೆಮಾತಿನ ರೀಲರುಗಳ ಕನ್ನಡ, ಮಾಗಡಿ-ಕನಕಪುರದ ಒಕ್ಕಲುಗಳ ಕನ್ನಡ, ಆಂಧ್ರದಿಂದ ಬಂದವರ ತೆಲುಗು ಬೆರೆತ ಕನ್ನಡ, ನಮ್ಮದು. ತಮಿಳಿನಲ್ಲಿ ಪದದ ಮೊದಲಿಗೆ ‘ಗ’ಕಾರದ ರೂಢಿ ಇಲ್ಲ, ಬರೆಯುವಾಗಲೂ ‘ಕ’ ‘ಗ’ ಎರಡಕ್ಕೂ ಒಂದೇ ಅಕ್ಷರ. ಹಾಗಾಗಿ ಕನ್ನಡ, ತೆಲುಗಿನ ‘ಗೂಡು’ ತಮಿಳಿನಲ್ಲಿ ‘ಕೂಡು’. ನಮ್ಮ ಹುಡುಗರು ಅಭ್ಯಾಸಬಲದಿಂದ ‘ಕೂಡು ತಂದಿದ್ದೀವಿ’ ಅಂದರೆ ತೆಲುಗಿನವರು ಮುಖ ಮುಖ ನೋಡುತ್ತಾರೆ. ತೆಲುಗಿನಲ್ಲಿ ಕೂಡು ಅಂದರೆ ಅನ್ನ. ಯೋಚಿಸಿದರೆ ಅದೂ ಸುಳ್ಳಲ್ಲ. ಗೂಡು ಮಾರಿದರೆ ತಾನೇ ನಮಗೆ ಕೂಡು?

ಆ ಮಾರುಕಟ್ಟೆಯಲ್ಲಿ ಮೊದಲು ಬಾಯಿ ಹರಾಜು ಇತ್ತು. ಈಗ ಕಂಪ್ಯೂಟರಿನ ಇ-ಹರಾಜು ಬಂದಿದೆ. ಲಾಟಿಗೆ ನಂಬರು ಕೊಡುತ್ತಾರೆ, ರೀಲರು ಗೂಡು ಮುಟ್ಟಿ ನೋಡಿ ಗುಂಡಿ ಒತ್ತುತ್ತಾನೆ, ಪರದೆಯ ಮೇಲೆ ರೇಟು ಏರುತ್ತದೆ. ಪರದೆಗೆ ಕಿವಿ ಇಲ್ಲ. ಗೂಡು ಚೆನ್ನಾಗಿದ್ದರೆ ಸಾಕು.

ಕಂಪ್ಯೂಟರು ಮಾಡಿದ ಈ ಕೆಲಸವನ್ನು ನಮ್ಮ ದನದ ಸಂತೆಗಳು ಎಂದೋ ಮಾಡಿದ್ದವು. ಪೊಳ್ಳಾಚಿ ಸಂತೆಯಲ್ಲಿ ಕೇರಳದ ವ್ಯಾಪಾರಿ, ಕೊಂಗುನಾಡಿನ ರೈತ, ಕನ್ನಡದ ದಲ್ಲಾಳಿ ಕೂಡಿದರೆ ಬಾಯಿಗೆ ಕೆಲಸವಿಲ್ಲ. ಟವೆಲಿನ ಮರೆಯಲ್ಲಿ ಕೈ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಪಕ್ಕದವನಿಗೆ ರೇಟು ಗೊತ್ತಾಗಬಾರದು ಅಂತ ಹುಟ್ಟಿದ ಪದ್ಧತಿ ಅದು. ಆದರೆ ಬೆರಳಿಗೆ ಊರಿಲ್ಲ, ಮೈಸೂರು ಬೆರಳು, ಮಲೆಯಾಳಿ ಬೆರಳು ಅಂತ ಇಲ್ಲ ಎನ್ನುವುದು ಅದರಿಂದ ಸಿಕ್ಕ ಇನ್ನೊಂದು ಲಾಭ.

ಉಚ್ಚಾರದಿಂದ ಬೆಲೆ ಇಳಿಯುವುದಿರಲಿ, ತಲೆ ಉರುಳಿದ್ದೂ ಉಂಟು. ಬೈಬಲಿನಲ್ಲಿ ಒಂದು ಕಥೆ ಬರುತ್ತದೆ. ಯುದ್ಧದಲ್ಲಿ ಸೋತ ಎಫ್ರಾಯಿಮರು ಜೋರ್ಡಾನ್ ನದಿ ದಾಟಿ ತಪ್ಪಿಸಿಕೊಳ್ಳಲು ಬಂದರು. ಗೆದ್ದವರು ಕಡವಿನಲ್ಲಿ ನಿಂತು ಒಬ್ಬೊಬ್ಬನಿಗೂ ‘ಶಿಬ್ಬೋಲೆತ್’ ಅನ್ನು ಅಂದರು. ಎಫ್ರಾಯಿಮರ ನಾಲಗೆಗೆ ‘ಶ’ ಬಾರದು, ‘ಸಿಬ್ಬೋಲೆತ್’ ಅಂದರು. ಅಂದವರನ್ನು ಅಲ್ಲೇ ಕಡಿದರು. ಸತ್ತವರು 42,000 ಎಂದು ಬರೆದಿದೆ. ಶಂಕರನಿಗೆ ‘ಸಂಕರ’ ಅನ್ನುವ ನಮ್ಮವರು ಆ ಕಡವಿನಲ್ಲಿ ಒಬ್ಬರೂ ಉಳಿಯುತ್ತಿರಲಿಲ್ಲ!

ನಗಿಸಿದ ಮಾತೇ ಗೆದ್ದದ್ದು

ಸಿನಿಮಾದವರು ಬಹಳ ಕಾಲ ಹೀರೋಗೆ ಪುಸ್ತಕದ ಮಾತು, ಹಾಸ್ಯದವನಿಗೂ ಕೇಡಿಗೂ ಹಳ್ಳಿಯ ಮಾತು ಕೊಟ್ಟರು. ತಮಿಳಿನಲ್ಲಿ ನಮ್ಮ ಕೊಂಗು ಮಾತು ಹೀಗೆ ನಗಿಸಲು ಬಳಕೆಯಾಯಿತು. 1995ರ ‘ಸತಿ ಲೀಲಾವತಿ’ಯಲ್ಲಿ ಕಮಲಹಾಸನ್, ಕೋವೈ ಸರಳಾ ಕೊಯಮತ್ತೂರಿನ ಮಾತಾಡಿ ಜನರನ್ನು ನಗಿಸಿದರು. ಅದೇ ಕಥೆ 2005ರಲ್ಲಿ ‘ರಾಮ ಶಾಮ ಭಾಮ’ ಎಂದು ಕನ್ನಡಕ್ಕೆ ಬಂದಾಗ ಕೊಂಗು ಮಾತಿನ ಜಾಗಕ್ಕೆ ಯಾವ ಕನ್ನಡ ಬಂತು ಗೊತ್ತೇ? ಹುಬ್ಬಳ್ಳಿ-ಧಾರವಾಡದ ಕನ್ನಡ. ಅಂದರೆ ಚೆನ್ನೈಗೆ ಕೊಯಮತ್ತೂರು ಹೇಗೋ ಬೆಂಗಳೂರಿಗೆ ಹುಬ್ಬಳ್ಳಿ ಹಾಗೆ!

ತೆಲುಗಿನಲ್ಲಿ ತೆಲಂಗಾಣದ ಮಾತಿನ ಕಥೆಯೂ ಇದೇ ಆಗಿತ್ತು. 2014ರಲ್ಲಿ ತೆಲಂಗಾಣ ಬೇರೆ ರಾಜ್ಯವಾಯಿತು. 2017ರಲ್ಲಿ ಶೇಖರ್ ಕಮ್ಮುಲ ಅವರ ‘ಫಿದಾ’ ಬಂತು. ನಾಯಕಿ ಸಾಯಿ ಪಲ್ಲವಿ ಸ್ವಂತ ದನಿಯಲ್ಲಿ ಚಿತ್ರದುದ್ದಕ್ಕೂ ತೆಲಂಗಾಣದ ಮಾತಾಡಿದರು, ಜನ ತಲೆ ಮೇಲೆ ಹೊತ್ತರು. ಆಕೆ ನೀಲಗಿರಿಯ ಬಡಗ ಮನೆತನದ ಹುಡುಗಿ, ಬೆಳೆದದ್ದು ಕೊಯಮತ್ತೂರು. ಬಡಗ ಮಾತು ಕನ್ನಡಕ್ಕೆ ಎಷ್ಟು ಹತ್ತಿರವೆಂದರೆ ಅದು ಕನ್ನಡದ ಉಪಭಾಷೆಯೋ ಬೇರೆ ಭಾಷೆಯೋ ಎಂದು ವಿದ್ವಾಂಸರು ಚರ್ಚೆ ಮಾಡಿದ್ದಾರೆ. ನಮ್ಮ ಬೆಟ್ಟದ ಹುಡುಗಿ ಅತ್ತ ಹೋಗಿ ಇನ್ನೊಬ್ಬರ ಉಚ್ಚಾರಕ್ಕೆ ಮರ್ಯಾದೆ ತಂದಳು.

ಸಾಹಿತ್ಯ ಸಿನಿಮಾಕ್ಕಿಂತ ಮೊದಲೇ ಕಣ್ಣು ಬಿಟ್ಟಿತ್ತು. ಆರ್. ಷಣ್ಮುಗಸುಂದರಂ 1942ರಲ್ಲೇ ‘ನಾಗಮ್ಮಾಳ್’ ಕಾದಂಬರಿಯಲ್ಲಿ ಕೊಂಗುನಾಡಿನ ಒಕ್ಕಲು ಮಕ್ಕಳ ಮಾತನ್ನು ಇದ್ದಂತೆ ಬರೆದರು. ಪೆರುಮಾಳ್ ಮುರುಗನ್ ಕೊಂಗು ಪದಗಳಿಗೆ ನಿಘಂಟನ್ನೇ ಮಾಡಿಕೊಟ್ಟರು. ಕನ್ನಡದಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ 1984ರಲ್ಲಿ ಬಂತು. ನಂಜನಗೂಡು ಸೀಮೆಯ ಮಾತು, ಅಂದರೆ ನಮ್ಮ ‘ಆಲು’-‘ಊವಿ’ನ ಬಳಗ. ಓದಲು ಕಷ್ಟ ಅಂದವರೂ ಇದ್ದರು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಂಡ್ಯದ ಹಳ್ಳಿಯ ಜನರೇ ತಮ್ಮ ಮಾತಿನಲ್ಲೇ ನಟಿಸಿದ ರಾಮ್ ರೆಡ್ಡಿ ಅವರ ‘ತಿಥಿ’ 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ತಂದಿತು. ಲೊಕಾರ್ನೋದಲ್ಲಿ ಯಾರೂ ‘ಹಕಾರ ಎಲ್ಲಿ?’ ಎಂದು ಕೇಳಲಿಲ್ಲ.

ಆದರೂ ಕಿವಿಯ ಹಟ ಬೇಗ ಹೋಗುವಂಥದ್ದಲ್ಲ. 1941ರಲ್ಲಿ, ಯುದ್ಧದ ಕಾಲದಲ್ಲಿ, ಬಿ.ಬಿ.ಸಿ. ರೇಡಿಯೋ ವಿಲ್ಫ್ರೆಡ್ ಪಿಕಲ್ಸ್ ಎಂಬ ಯಾರ್ಕ್‌ಷೈರಿನವನನ್ನು ದೇಶದ ವಾರ್ತೆ ಓದಲು ಕೂರಿಸಿತು. ಅವನು ತನ್ನ ಊರಿನ ಉಚ್ಚಾರದಲ್ಲೇ ಓದಿದ. ಮೆಚ್ಚಿದವರೂ ಇದ್ದರು, ಆದರೆ ಕೇಳುಗರಿಂದ ದೂರುಗಳು ಬಂದವು. ಇಂಥ ಉಚ್ಚಾರದಲ್ಲಿ ಹೇಳಿದರೆ ಸುದ್ದಿಯನ್ನು ನಂಬುವುದು ಹೇಗೆ ಎನ್ನುವಷ್ಟು! ಬಾಂಬು ಬಿದ್ದದ್ದು ನಿಜವೇ. ಲಂಡನ್ನಿನ ಉಚ್ಚಾರದಲ್ಲಿ ಹೇಳಿದರೆ ಮಾತ್ರ ನಂಬುತ್ತಿದ್ದರೇನೋ.

ನಮ್ಮ ಕಡೆಯವರೂ ಈ ವಿಷಯದಲ್ಲಿ ಸಾಚಾಗಳಲ್ಲ. ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಬಿಹಾರ, ಒಡಿಶಾದ ಹುಡುಗರು ಬಂದಿದ್ದಾರೆ. ಅವರು ತಡವರಿಸಿ ತಮಿಳು ಆಡಿದರೆ ಅಂಗಡಿ ಕಟ್ಟೆಯ ಮೇಲೆ ಅದನ್ನೇ ಅಣಕಿಸಿ ನಗುವವರಿದ್ದಾರೆ. ಅತ್ತ ಕರ್ನಾಟಕದ ಸಂಕೇತಿಗಳು, ಹೆಬ್ಬಾರರು ತಲೆತಲಾಂತರದಿಂದ ಮನೆಯಲ್ಲಿ ಆಡುತ್ತಾ ಬಂದ ತಮಿಳನ್ನು ಚೆನ್ನೈನವರು ‘ಇದೆಂಥ ತಮಿಳು?’ ಅನ್ನುತ್ತಾರೆ. ಅವರು ಅಲ್ಲಿ ಪಡುವ ಪಾಡು, ನಾವು ಇಲ್ಲಿ ಪಡುವ ಪಾಡು, ಕನ್ನಡಿಯಲ್ಲಿ ಕಂಡ ಮುಖದ ಹಾಗೆ.

ನಗುವಿನ ಲೆಕ್ಕ

ಇಷ್ಟು ನಗುವಿನಿಂದ ಆಗುವುದಾದರೂ ಏನು? ನನ್ನ ನೆಂಟರ ಪೈಕಿ ಒಬ್ಬ ಹುಡುಗಿಯ ಸಂಗತಿ ಹೇಳುತ್ತೇನೆ. ಇಲ್ಲಿಂದ ಮೈಸೂರು ಸೀಮೆಗೆ ಮದುವೆಯಾಗಿ ಹೋದಳು. ‘ಕನ್ನಡದ ಮನೆ, ಮಗಳಿಗೆ ಭಾಷೆಯ ತೊಂದರೆ ಇಲ್ಲ’ ಅಂತ ಅವಳ ಅಪ್ಪ ಖುಷಿಪಟ್ಟಿದ್ದರು. ಮೊದಲ ವಾರವೇ ಅವಳು ಅತ್ತೆಯನ್ನು ‘ಅತ್ತೆ, ಊವು ಕಟ್ಟಲೇನುಂಗ?’ ಎಂದು ಕೇಳಿದಳಂತೆ. ಮನೆಯ ಮಕ್ಕಳು ಕೈ ತಟ್ಟಿ ನಕ್ಕವು. ದೊಡ್ಡವರು ಗದರಿಸಲಿಲ್ಲ, ತಾವೂ ನಕ್ಕರು. ಕೆಟ್ಟ ಜನ ಅಲ್ಲ, ಪ್ರೀತಿಯಿಂದಲೇ ನಕ್ಕಿರಬಹುದು. ಆಮೇಲೆ ಆಮೇಲೆ ಅವಳು ಆ ಮನೆಯಲ್ಲಿ ಮಾತೇ ಕಡಿಮೆ ಮಾಡಿದಳು. ‘ಹೂಂ’, ‘ಊಹೂಂ’, ತಲೆ ಅಲ್ಲಾಡಿಸುವುದು, ಅಷ್ಟೆ. ತವರಿಗೆ ಫೋನು ಮಾಡಿದರೆ ತಮಿಳು. ‘ಯಾಕವ್ವಾ, ನಮ್ಮ ಮಾತಾಡಬಾರದಾ?’ ಎಂದು ತಾಯಿ ಕೇಳಿದರೆ, ‘ಪಕ್ಕದಲ್ಲಿ ಜನ ಇದ್ದಾರೆ’ ಅಂತ ತಮಿಳಿನಲ್ಲೇ ಉತ್ತರ. ಅವಳ ತಮಿಳಿಗೆ ಅಲ್ಲಿ ಯಾರೂ ನಗುವುದಿಲ್ಲವಲ್ಲ! ನಾನೂರು ವರ್ಷ ತಮಿಳಿನ ನಡುವೆ ಇದ್ದೂ ಉಳಿದುಕೊಂಡಿದ್ದ ಕನ್ನಡ, ಕನ್ನಡದ ಮನೆಯಲ್ಲಿ ಒಂದು ವರ್ಷಕ್ಕೆ ಬಾಯಿ ಮುಚ್ಚಿತು.

ಇದನ್ನು ಎಲ್ಲ ಮನೆಗಳ ಕಥೆ ಅನ್ನುವುದಿಲ್ಲ. ಆದರೆ ಇಂಥ ಮಾತು ಊರೂರಲ್ಲಿ ಕೇಳುತ್ತೇನೆ. ಕಾಲೇಜಿಗೆ ಬೆಂಗಳೂರು ಸೇರಿದ ಹುಡುಗರು ‘ನಮ್ಮದು ತಮಿಳು’ ಎಂದೇ ಹೇಳಿಕೊಳ್ಳುತ್ತಾರೆ. ಕನ್ನಡದವನು ಎಂದು ಹೇಳಿ ನಗಿಸಿಕೊಳ್ಳುವುದಕ್ಕಿಂತ ತಮಿಳಿನವನು ಎಂದು ಹೇಳಿ, ‘ಪರವಾಗಿಲ್ಲವೇ, ಕನ್ನಡ ಚೆನ್ನಾಗಿ ಕಲಿತಿದ್ದೀಯ!’ ಅಂತ ಹೊಗಳಿಸಿಕೊಳ್ಳುವುದು ಲಾಭ ಎಂದು ಅವರ ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ಅವರ ಮಕ್ಕಳ ಕಾಲಕ್ಕೆ ಆ ಮಾತು ಸುಳ್ಳಾಗಿ ಉಳಿಯುವುದಿಲ್ಲ, ನಿಜವೇ ಆಗಿರುತ್ತದೆ.

ಕೊಯಮತ್ತೂರು ರಾಜಬೀದಿಯ ಚೌಡೇಶ್ವರಿ ಗುಡಿಯಲ್ಲಿ ವಿಜಯದಶಮಿಯ ದಿನ ದೇವಾಂಗರು ಕತ್ತಿ ಸೇವೆ ಮಾಡುತ್ತಾರೆ. ಎದೆಗೆ, ತೋಳಿಗೆ ಕತ್ತಿ ಬೀಸಿಕೊಂಡು ‘ತೀಸುಕೋ ತಾಯೇ’ ಎಂದು ಕೂಗುತ್ತಾರೆ. ತೀಸುಕೋ ತೆಲುಗು. ಕೂಗುವವರಲ್ಲಿ ಬಹಳ ಜನರ ಮನೆಮಾತು ಕನ್ನಡ. ಸುತ್ತ ನಿಂತು ನೋಡುವವರದು ತಮಿಳು. ನಿನ್ನದು ಯಾವ ಸೀಮೆಯ ಉಚ್ಚಾರ ಎಂದು ಆ ತಾಯಿ ಒಬ್ಬರನ್ನೂ ಕೇಳಿದ್ದಿಲ್ಲ.

ಗಾಜನೂರಿನಿಂದ ಬಂದ ಉಚ್ಚಾರ

‘ಹಾಗಾದರೆ ಎಲ್ಲರೂ ಬಾಯಿಗೆ ಬಂದಂತೆ ಬರೆಯಬಹುದೇ? ಶಾಲೆಯಲ್ಲಿ ಹಕಾರ ಕಲಿಸುವುದು ಬೇಡವೇ?’ ಎಂದು ಮೇಷ್ಟರುಗಳು ಕೇಳಬಹುದು. ಬೇಕು. ಬೀದರಿನವನೂ ಕಾಸರಗೋಡಿನವನೂ ಉಡುಮಲೈಯವನೂ ಓದಬೇಕಾದರೆ ಪತ್ರಿಕೆಗೆ ಒಂದು ಕನ್ನಡ ಬೇಕೇ ಬೇಕು. ಈ ಲೇಖನವನ್ನೇ ನಾನು ನಮ್ಮ ಮನೆಯ ಮಾತಿನಲ್ಲಿ ಬರೆದಿದ್ದರೆ ಅರ್ಧ ಓದುಗರು ಹಾಳೆ ತಿರುಗಿಸುತ್ತಿದ್ದರು. ಮದುವೆಗೆ ರೇಷ್ಮೆ ಪಂಚೆ ಉಡುತ್ತೇವೆ, ಗದ್ದೆಗೆ ಹೋಗುವಾಗ ಚಡ್ಡಿ-ಬನಿಯನ್. ಗದ್ದೆಯಲ್ಲಿ ಬನಿಯನ್ ಹಾಕಿದವನನ್ನು ನೋಡಿ ಯಾರಾದರೂ ನಗುತ್ತಾರೆಯೇ? ಪಂಚೆಯೂ ಬೇಕು, ಬನಿಯನ್ನೂ ಬೇಕು.

ಇದಕ್ಕೆ ದೊಡ್ಡ ಸಾಕ್ಷಿ ನಮ್ಮ ರಸ್ತೆಯ ಆಸುಪಾಸಿನಲ್ಲೇ ಇದೆ. ‘ಕನ್ನಡ ಅಂದರೆ ಹೀಗೆ ಉಚ್ಚರಿಸಬೇಕು’ ಎಂದು ಬೆಂಗಳೂರಿನವರೂ ಧಾರವಾಡದವರೂ ಒಟ್ಟಿಗೆ ಒಪ್ಪುವ ಒಂದು ದನಿ ಡಾ. ರಾಜ್‌ಕುಮಾರ್ ಅವರದು. ಅವರು 1929ರಲ್ಲಿ ಹುಟ್ಟಿದ್ದು ತಾಳವಾಡಿ ಬಳಿಯ ಗಾಜನೂರಿನಲ್ಲಿ. ಆಗ ಅದು ಕೊಯಮತ್ತೂರು ಜಿಲ್ಲೆ, ಈಗ ಈರೋಡು ಜಿಲ್ಲೆ. ಅಂದಿಗೂ ಇಂದಿಗೂ ತಮಿಳು ನೆಲದ ಆಡಳಿತದಲ್ಲಿರುವ ಊರು. ಅವರ ಶಾಲೆಯ ಓದು ಪ್ರೈಮರಿಯಲ್ಲೇ ನಿಂತಿತು. ಆ ಸ್ಪಷ್ಟ ಹಕಾರ, ಶಕಾರ, ಮಹಾಪ್ರಾಣಗಳನ್ನು ಅವರು ಕಲಿತದ್ದು ಗುಬ್ಬಿ ಕಂಪನಿಯಂಥ ನಾಟಕದ ಕಂಪನಿಗಳಲ್ಲಿ. ಹಳ್ಳಿಯ ಹುಡುಗನನ್ನು ಒಳಗೆ ಕರೆದು, ರಂಗದ ಮೇಲೆ ನಿಲ್ಲಿಸಿ, ಮಾತು ಕೊಟ್ಟು ತಿದ್ದಿದ ಜಾಗಗಳವು. ಆ ಹುಡುಗನ ಮೊದಲ ಮಾತಿಗೇ ‘ಏನಪ್ಪಾ, ತಮಿಳಾ?’ ಎಂದು ಬಾಗಿಲು ಹಾಕಿದ್ದರೆ 1954ರ ‘ಬೇಡರ ಕಣ್ಣಪ್ಪ’ ಎಲ್ಲಿರುತ್ತಿತ್ತು?

ತಿದ್ದುವುದಕ್ಕೂ ನಗುವುದಕ್ಕೂ ವ್ಯತ್ಯಾಸ ಇಷ್ಟೇ. ತಿದ್ದುವವನು ಒಳಗೆ ಕರೆದು ಕೂರಿಸಿ ತಿದ್ದುತ್ತಾನೆ. ನಗುವವನು ಹೊಸ್ತಿಲಲ್ಲೇ ನಿಲ್ಲಿಸುತ್ತಾನೆ.

ಕರ್ನಾಟಕದ ಓದುಗ ಮಿತ್ರರಲ್ಲಿ, ಅದರಲ್ಲೂ ಅಂಗಡಿ, ಮಂಡಿ, ಬಸ್‌ಸ್ಟ್ಯಾಂಡಿನಲ್ಲಿ ನಮ್ಮಂಥವರನ್ನು ದಿನವೂ ಕಾಣುವವರಲ್ಲಿ, ನನ್ನದು ದೊಡ್ಡ ಬೇಡಿಕೆ ಏನಿಲ್ಲ. ಯಾರಾದರೂ ‘ಂಗ’ ಹಚ್ಚಿಯೋ ‘ಹ’ ನುಂಗಿಯೋ ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡಿ. ನಿಮಗೆ ತಮಿಳು ಬರುತ್ತದೆ ಎಂದು ತೋರಿಸುವುದಕ್ಕೆ ಅದು ಸಮಯವಲ್ಲ. ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ನಾವು ಬೇಸರ ಮಾಡಿಕೊಳ್ಳುವುದಿಲ್ಲ. ಕುತೂಹಲ ಇದ್ದರೆ ‘ಇದೇನು ಕನ್ನಡ?’ ಎನ್ನುವ ಬದಲು ‘ಯಾವೂರಾಯ್ತು ನಿಮ್ಮದು?’ ಎಂದು ಕೇಳಿ. ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇದೆ. ಊರು ಉಡುಮಲೈಪೇಟೆ, ಬೆಳೆ ಹಿಪ್ಪುನೇರಳೆ, ಮನೆಯ ಮಾತು ಕನ್ನಡ. ಕೂತುಕೊಳ್ಳಿ ಅಂದರೆ ಇನ್ನೂ ಹೇಳುತ್ತೇವೆ.